ಹನೋಯಿಯ ಫೋ ಅಂಗಡಿಯಲ್ಲಿ ಕಂಡ ಲೆಕ್ಕಾಚಾರ

2025ರ ನವೆಂಬರ್ ತಿಂಗಳಿನಲ್ಲಿ ಕಕ್ಷಿದಾರರೊಬ್ಬರೊಡನೆ ವಿಯೆಟ್ನಾಮಿನ ರಾಜಧಾನಿ ಹನೋಯಿಗೆ ಹೋಗುವ ಸಂದರ್ಭ ನನಗೆ ಒದಗಿಬಂದಿತು. ಅವರು ಬೆಂಗಳೂರಿನ ತರಗುಪೇಟೆಯಲ್ಲಿ ಸಾಂಬಾರ ಪದಾರ್ಥಗಳ ಸಗಟು ವ್ಯಾಪಾರಿ. ಇಲ್ಲಿ ಅವರನ್ನು ಶೆಟ್ಟರು ಎಂದಷ್ಟೇ ಕರೆಯುತ್ತೇನೆ. ಚಕ್ಕೆ ಮತ್ತು ಚಕ್ರಮೊಗ್ಗಿನ ಆಮದಿನ ಬಗ್ಗೆ ಅಲ್ಲಿಯ ರಫ್ತುದಾರರೊಡನೆ ಮಾತುಕತೆ ನಡೆಸುವುದು ಅವರ ಉದ್ದೇಶ. ಕರಾರು ಪತ್ರಗಳನ್ನು ಓದಿ ನೋಡುವುದು ನನ್ನ ಕೆಲಸ. ಆ ವ್ಯವಹಾರವು ಹೇಗೆ ಮುಗಿಯಿತೆಂಬುದು ಈ ಲೇಖನದ ವಿಷಯವಲ್ಲ. ನಾವು ತಂಗಿದ್ದ ಹೋಟೆಲಿನ ಪಕ್ಕದ ಓಣಿಯಲ್ಲಿದ್ದ ಒಂದು ಸಣ್ಣ ಫೋ ಅಂಗಡಿಯಲ್ಲಿ ನಾಲ್ಕು ಬೆಳಗಿನ ಹೊತ್ತು ಕುಳಿತು ಕಂಡದ್ದನ್ನು ನಮ್ಮ ಸದಸ್ಯ ಬಾಂಧವರ ಮುಂದಿಡುವುದು ಉಪಯುಕ್ತವೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಫೋ ಎಂದರೇನು?

ನಮಗೆ ಇಡ್ಲಿ ಇದ್ದಂತೆ ವಿಯೆಟ್ನಾಮಿನವರಿಗೆ ಫೋ. ಬಿಸಿಯಾದ ಸಾರಿನಲ್ಲಿ ಅಕ್ಕಿಯ ಶಾವಿಗೆ, ಮೇಲೆ ಮಾಂಸದ ತೆಳುವಾದ ಹೋಳುಗಳು, ಈರುಳ್ಳಿ ಸೊಪ್ಪು, ಕೊತ್ತಂಬರಿ. ಇಷ್ಟೇ ಅದರ ಸ್ವರೂಪ. ಈ ಶಾವಿಗೆ ನಮ್ಮ ಒತ್ತು ಶಾವಿಗೆಯಂತಲ್ಲ. ಅಕ್ಕಿಯ ಸಂಪಣವನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಹಾಳೆಯಂತೆ ಎಬ್ಬಿಸಿ, ಉದ್ದವಾಗಿ ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಹಸಿ ಶಾವಿಗೆಯಾದ್ದರಿಂದ ಬೆಳಗ್ಗೆ ತಂದದ್ದು ಸಂಜೆಯ ವೇಳೆಗೆ ಹುಳಿಯಾಗುತ್ತದೆ.

ಸಾರಿನ ರುಚಿಯೇ ಅಂಗಡಿಯ ಬಂಡವಾಳ. ದನದ ಮೂಳೆಯ ಸಾರಾದರೆ ಎಂಟು ಹತ್ತು ಗಂಟೆಗಳ ಕಾಲ ಸಣ್ಣ ಉರಿಯಲ್ಲಿ ಕುದಿಯಬೇಕು. ಬೆಂಕಿಯಲ್ಲಿ ಸುಟ್ಟ ಶುಂಠಿ ಮತ್ತು ಈರುಳ್ಳಿ, ಹುರಿದ ಚಕ್ಕೆ, ಚಕ್ರಮೊಗ್ಗು, ಕಪ್ಪು ಏಲಕ್ಕಿ ಅದರೊಳಗೆ ಬೀಳುತ್ತವೆ. ಉಪ್ಪಿನ ಜೊತೆಗೆ ಮೀನನ್ನು ಹುದುಗಿಸಿ ತೆಗೆದ ದ್ರವವನ್ನೂ ಸೇರಿಸುತ್ತಾರೆ. ಕೋಳಿಯ ಸಾರಿಗೆ ಇಷ್ಟು ಸಮಯವೂ ಬೇಡ, ಇಷ್ಟು ಮಸಾಲೆಯೂ ಬೇಡ.

ಇದು ಬಹಳ ಪುರಾತನ ತಿನಿಸೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಉತ್ತರದ ನಾಮ್ ದಿನ್ ಪ್ರದೇಶದಲ್ಲೂ ಹನೋಯಿಯಲ್ಲೂ ಇದು ರೂಪುಗೊಂಡಿತೆಂದು ಹೇಳಲಾಗುತ್ತದೆ. ಮೊದಲಿಗೆ ಹೆಗಲ ಮೇಲಿನ ಅಡ್ಡೆಯಲ್ಲಿ ಒಂದು ಕಡೆ ಒಲೆ ಮತ್ತು ಪಾತ್ರೆ, ಇನ್ನೊಂದು ಕಡೆ ಬಟ್ಟಲುಗಳನ್ನು ಹೊತ್ತು ಬೀದಿ ಬೀದಿ ತಿರುಗಿ ಮಾರುತ್ತಿದ್ದರು. 1954ರಲ್ಲಿ ದೇಶವು ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ವಲಸೆ ಹೋದರು. ಫೋ ಕೂಡ ಅವರೊಡನೆ ಸೈಗಾನಿಗೆ ಹೋಯಿತು. 1975ರ ನಂತರ ದೇಶ ಬಿಟ್ಟುಹೋದವರು ಅದನ್ನು ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಗಳಿಗೆ ಕೊಂಡೊಯ್ದರು. ದಕ್ಷಿಣದಲ್ಲಿ ತಟ್ಟೆಯ ತುಂಬ ಸೊಪ್ಪು, ಮೊಳಕೆ ಕಾಳು, ಸಿಹಿ ಚಟ್ನಿಗಳನ್ನು ಜೊತೆಗಿಡುತ್ತಾರೆ. ಹನೋಯಿಯವರಿಗೆ ಆ ಆಡಂಬರವಿಲ್ಲ. ಬೆಳ್ಳುಳ್ಳಿ ಹಾಕಿದ ವಿನೆಗರ್, ಮೆಣಸಿನಕಾಯಿ, ನಿಂಬೆ ಇಷ್ಟೇ ಸಾಕು.

ಖಾಸಗಿ ವ್ಯಾಪಾರವನ್ನು ಸರ್ಕಾರವು ಅದುಮಿಟ್ಟಿದ್ದ ಕಾಲವೊಂದಿತ್ತು. ಆಗ ಸರ್ಕಾರಿ ಅಂಗಡಿಗಳಲ್ಲಿ ಮಾಂಸವೇ ಇಲ್ಲದ ಬರಿಯ ಸಾರನ್ನು ಕೊಡುತ್ತಿದ್ದರಂತೆ. ಯುದ್ಧಕಾಲದಲ್ಲಿ ಆಕಾಶದಲ್ಲಿ ಹಾರುತ್ತಿದ್ದ ಅಮೆರಿಕದ ಚಾಲಕರಹಿತ ವಿಮಾನಗಳನ್ನು ನೋಡಿ, ಜನ ಈ ಸಾರಿಗೆ ‘ಚಾಲಕನಿಲ್ಲದ ಫೋ’ ಎಂದು ಹೆಸರಿಟ್ಟರು. 1986ರಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಆರಂಭವಾದ ಮೇಲೆ ಮನೆಮನೆಯ ಮುಂದೆ ಒಲೆಗಳು ಮತ್ತೆ ಹೊತ್ತಿಕೊಂಡವು. 2024ರ ಆಗಸ್ಟಿನಲ್ಲಿ ಅಲ್ಲಿಯ ಸಂಸ್ಕೃತಿ ಸಚಿವಾಲಯವು ಹನೋಯಿ ಮತ್ತು ನಾಮ್ ದಿನ್‌ಗಳ ಫೋವನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂಗಡಿಯ ಒಳಗೆ

ನಾವು ಹೋದ ಅಂಗಡಿಗೆ ಹೆಸರಿನ ಫಲಕವಿದ್ದರೂ ಓಣಿಯವರಾರೂ ಆ ಹೆಸರಿನಿಂದ ಅದನ್ನು ಕರೆಯುತ್ತಿರಲಿಲ್ಲ. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಬಾಗಿಲ ಬಳಿ ಎರಡು ದೊಡ್ಡ ಪಾತ್ರೆಗಳು: ಒಂದರಲ್ಲಿ ದನದ ಸಾರು, ಇನ್ನೊಂದರಲ್ಲಿ ಕೋಳಿಯದು. ಒಳಗೂ ಕಾಲುದಾರಿಯ ಮೇಲೂ ಸೇರಿ ಹತ್ತು ಹನ್ನೆರಡು ತಗ್ಗಾದ ಪ್ಲಾಸ್ಟಿಕ್ ಮೇಜುಗಳು, ನಮ್ಮ ಮಣೆಗಿಂತ ಸ್ವಲ್ಪ ಎತ್ತರದ ಸ್ಟೂಲುಗಳು. ಮಾಲಕಿಗೆ ಐವತ್ತೈದರ ಆಸುಪಾಸಿನ ವಯಸ್ಸು. ಶಾವಿಗೆಯನ್ನು ಬಿಸಿನೀರಿನಲ್ಲಿ ಅದ್ದಿ, ಬಟ್ಟಲಿಗೆ ಸುರಿದು, ಮಾಂಸವನ್ನು ಹರಡಿ, ಸಾರು ಹೊಯ್ದು ಕೊಡಲು ಆಕೆಗೆ ಒಂದು ನಿಮಿಷವೂ ಬೇಕಾಗುತ್ತಿರಲಿಲ್ಲ. ಹಣದ ವ್ಯವಹಾರ ಮಗನದು. ಆತನಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ನಮ್ಮ ಸಂಭಾಷಣೆ ಸಾಧ್ಯವಾಯಿತು.

ನಮ್ಮ ಮನೆಯಲ್ಲಿ ದನದ ಮಾಂಸದ ರೂಢಿಯಿಲ್ಲವಾದ್ದರಿಂದ ನಾನು ಕೋಳಿಯ ಫೋ ತೆಗೆದುಕೊಂಡೆ. ಸಾರು ನೋಡಲು ತಿಳಿನೀರಿನಂತಿತ್ತು, ರುಚಿ ಹಾಗಿರಲಿಲ್ಲ. ಶುಂಠಿಯ ಖಾರ, ನಿಂಬೆ ಎಲೆಯ ಪರಿಮಳ, ಕೊನೆಯಲ್ಲಿ ನಾಲಗೆಯ ಮೇಲೆ ಉಳಿಯುವ ಸಣ್ಣದೊಂದು ಸಿಹಿ. ನಮ್ಮ ಹುಣಿಸೆಹಣ್ಣು, ಮೆಣಸಿನಪುಡಿಗೆ ಒಗ್ಗಿದ ನಾಲಗೆಗೆ ಮೊದಲ ದಿನ ಸಪ್ಪೆಯೆನಿಸಿತು. ಎರಡನೆಯ ದಿನದಿಂದ ಬೆಳಗ್ಗೆ ಆರು ಗಂಟೆಗೆ ತಾನಾಗಿಯೇ ಎಚ್ಚರವಾಗತೊಡಗಿತು.

ಶೆಟ್ಟರು ಶುದ್ಧ ಸಸ್ಯಾಹಾರಿಗಳು. ಬೆಂಗಳೂರಿನಿಂದ ತಂದ ಅವಲಕ್ಕಿ, ಚಟ್ನಿಪುಡಿಗಳೇ ಅವರ ಉಪಾಹಾರ. ಆದರೂ ನನ್ನೊಡನೆ ಬಂದು ಚಹಾ ಹಿಡಿದು ಕುಳಿತುಕೊಳ್ಳುತ್ತಿದ್ದರು. ಮೊದಲ ದಿನವೇ ಪಾತ್ರೆಯತ್ತ ಮುಖಮಾಡಿ ಮೂಗೆಳೆದುಕೊಂಡು, “ಆಡಿಟರೇ, ಚಕ್ರಮೊಗ್ಗು ಈ ವರ್ಷದ ಮಾಲು. ಚಕ್ಕೆ ಮಾತ್ರ ಸ್ವಲ್ಪ ಹಳೇದು” ಎಂದರು. ಮಗನನ್ನು ವಿಚಾರಿಸಲಾಗಿ ಅದು ನಿಜವೆಂದು ತಿಳಿಯಿತು. ಚಕ್ರಮೊಗ್ಗು ಚೀನದ ಗಡಿಯಲ್ಲಿರುವ ಲಾಂಗ್ ಸೋನ್ ಕಡೆಯದು, ಚಕ್ಕೆ ಯೆನ್ ಬಾಯ್ ಕಡೆಯದು. ಈ ಎರಡಕ್ಕೂ ಭಾರತವು ಪ್ರಮುಖ ಗಿರಾಕಿ. ನಮ್ಮ ಬಿರಿಯಾನಿ, ಗರಂ ಮಸಾಲೆಗಳಲ್ಲಿ ಬೀಳುವ ಮಾಲಿನ ಬಹುಭಾಗ ಈ ಬೆಟ್ಟಗಳಿಂದ ಬಂದುದೇ.

ಮೇಜಿನ ಮೇಲಿದ್ದ ಕಾಳುಮೆಣಸಿನ ಪುಡಿಯನ್ನು ಅಂಗೈಗೆ ಹಾಕಿಕೊಂಡು ಶೆಟ್ಟರು, “ಕೊಡಗಿನವರ ನಿದ್ದೆ ಕೆಡಿಸಿದ್ದು ಇದೇ” ಎಂದರು. ಕಾಳುಮೆಣಸಿನ ಉತ್ಪಾದನೆ ಮತ್ತು ರಫ್ತುಗಳಲ್ಲಿ ವಿಯೆಟ್ನಾಂ ಜಗತ್ತಿಗೇ ಮೊದಲನೆಯದು. ಅಗ್ಗದ ಆಮದಿನಿಂದ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರರು ತತ್ತರಿಸಿದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸಿದ್ದು ನಮ್ಮ ಸದಸ್ಯರಿಗೆ ನೆನಪಿರಬಹುದು.

ಒಂದು ಬಟ್ಟಲಿನ ಅರ್ಥಶಾಸ್ತ್ರ

ಬಟ್ಟಲಿನ ಬೆಲೆ 50,000 ದೋಂಗ್. ನಮ್ಮ ಲೆಕ್ಕದಲ್ಲಿ ಸುಮಾರು 170 ರೂಪಾಯಿ. ದಿನಕ್ಕೆ ಸುಮಾರು 200 ಬಟ್ಟಲು ಖರ್ಚಾಗುತ್ತವೆಂದು ಮಗ ಹೇಳಿದ. ವರ್ಷಕ್ಕೆ 300 ದಿನ ಎಂದು ಹಿಡಿದರೆ ವಹಿವಾಟು 300 ಕೋಟಿ ದೋಂಗ್, ಅಂದರೆ ಸರಿಸುಮಾರು ಒಂದು ಕೋಟಿ ರೂಪಾಯಿ. ಕಾಲುದಾರಿಯ ಪ್ಲಾಸ್ಟಿಕ್ ಸ್ಟೂಲುಗಳನ್ನು ನೋಡಿದವರಾರೂ ಅದನ್ನು ಊಹಿಸಲಾರರು.

ಲೆಕ್ಕಪರಿಶೋಧಕನ ಕಣ್ಣಿಗೆ ಈ ವ್ಯಾಪಾರದ ರಚನೆ ಬಹಳ ಹಿಡಿಸಿತು. ಮೂಳೆ, ಮಾಂಸಗಳು ಹಿಂದಿನ ಸಂಜೆ ಬರುತ್ತವೆ. ಶಾವಿಗೆ ಬೆಳಗಿನ ಜಾವ ನಾಲ್ಕಕ್ಕೆ. ಹತ್ತು ಗಂಟೆಯ ಹೊತ್ತಿಗೆ ಪಾತ್ರೆ ಬರಿದಾಗಿ ಬಾಗಿಲು ಮುಚ್ಚುತ್ತದೆ. ಆಖೈರು ದಾಸ್ತಾನು ಇಲ್ಲ. ಉದ್ದರಿ ಇಲ್ಲ. ಶಾವಿಗೆಯವನಿಗೆ ಹಣ ಸಂದಾಯವಾಗುವುದು ಸಂಜೆ, ಎಂದರೆ ಮಾರಾಟವಾದ ಮೇಲೆ. ದುಡಿಯುವ ಬಂಡವಾಳವನ್ನು ಸರಬರಾಜುದಾರನೇ ಒದಗಿಸಿದಂತಾಯಿತು. ಮಾರುವುದು ಎರಡೇ ಪದಾರ್ಥಗಳಾದ್ದರಿಂದ ವ್ಯರ್ಥವೂ ಕಡಿಮೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದರ್ಶಿನಿ ಹೋಟೆಲುಗಳ ಗುಟ್ಟೂ ಇದೇ ಅಲ್ಲವೇ? ಕಡಿಮೆ ಜಾಗ, ಬೇಗ ಬೇಗ ಏಳುವ ಗಿರಾಕಿ, ದಿನದ ದುಡ್ಡು ದಿನಕ್ಕೆ.

ಗೋಡೆಯ ಮೇಲಿನ ಸಂಕೇತ ಚೀಟಿ

ಮೂರನೆಯ ದಿನ ಗೋಡೆಯ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡಿನ ಚೀಟಿಯತ್ತ ನನ್ನ ದೃಷ್ಟಿ ಹೋಯಿತು. ಚೀಟಿ ಹೊಸದು, ಅದರ ಸುತ್ತ ಹಳೆಯ ಅಂಟಿನ ಗುರುತುಗಳಿದ್ದವು. ಮಗನನ್ನು ಕೇಳಿದೆ. ಆತ ನಕ್ಕು ಹೇಳಿದ ಕಥೆಯನ್ನು ಕೇಳುತ್ತಿದ್ದಂತೆ ಶೆಟ್ಟರು ಚಹಾದ ಲೋಟವನ್ನು ಕೆಳಗಿಟ್ಟರು.

ವಿಯೆಟ್ನಾಮಿನಲ್ಲಿ ಇಂಥ ಅಂಗಡಿಗಳನ್ನು ‘ಕುಟುಂಬ ವ್ಯಾಪಾರ’ ಎಂದು ಕರೆಯುತ್ತಾರೆ. ದಶಕಗಳ ಕಾಲ ಇವರ ತೆರಿಗೆಯನ್ನು ಅಧಿಕಾರಿಗಳು ಅಂದಾಜಿನಿಂದ ನಿಗದಿಪಡಿಸುತ್ತಿದ್ದರು. ಆಹಾರ ವ್ಯಾಪಾರಕ್ಕೆ ಮೌಲ್ಯವರ್ಧಿತ ತೆರಿಗೆ ಶೇ. 3, ಆದಾಯ ತೆರಿಗೆ ಶೇ. 1.5, ಒಟ್ಟು ವಹಿವಾಟಿನ ಶೇ. 4.5 ಮೂಲ ದರ. ಆದರೆ ವಹಿವಾಟು ಎಷ್ಟೆಂಬುದೇ ಅಂದಾಜಾದ್ದರಿಂದ, ಕಟ್ಟುತ್ತಿದ್ದ ಮೊತ್ತವೂ ವಾಸ್ತವಕ್ಕೆ ದೂರವಾಗಿರುತ್ತಿತ್ತು. 2025ರ ಜೂನ್ 1ರಿಂದ, ವರ್ಷಕ್ಕೆ 100 ಕೋಟಿ ದೋಂಗ್ ಮತ್ತು ಅದಕ್ಕಿಂತ ಹೆಚ್ಚು ವಹಿವಾಟುಳ್ಳ ಹೋಟೆಲು, ಚಿಲ್ಲರೆ ಅಂಗಡಿ ಮೊದಲಾದವು ತೆರಿಗೆ ಇಲಾಖೆಗೆ ಜೋಡಣೆಯಾದ ಯಂತ್ರದಿಂದ ವಿದ್ಯುನ್ಮಾನ ಬಿಲ್ಲು ನೀಡುವುದು ಕಡ್ಡಾಯವಾಯಿತು. 100 ಕೋಟಿ ದೋಂಗ್ ಎಂದರೆ ಸುಮಾರು 34 ಲಕ್ಷ ರೂಪಾಯಿ. ಅಂದಾಜು ತೆರಿಗೆಯ ಪದ್ಧತಿಯೂ 2026ರ ಜನವರಿ 1ರಿಂದ ರದ್ದಾಗುವುದೆಂದು ಘೋಷಣೆಯಾಗಿತ್ತು. ಈಗ ಅದು ರದ್ದಾಗಿ ಸ್ವಯಂ ಘೋಷಣೆಯ ಪದ್ಧತಿ ಬಂದಿದೆ.

ಜೂನ್ ತಿಂಗಳಿನಲ್ಲಿ ಪೇಟೆಗಳಲ್ಲಿ ಗಾಬರಿ ಹಬ್ಬಿತು. ಹಲವರು ಬಾಗಿಲು ಹಾಕಿಕೊಂಡರು. ಹಲವರು ಕ್ಯೂಆರ್ ಚೀಟಿಯನ್ನು ಕಿತ್ತು, ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ನಮ್ಮ ಈ ತಾಯಿಯೂ ಹಾಗೆಯೇ ಮಾಡಿದ್ದಳು.

ಓದುಗರಿಗೆ ಇದು ಎಲ್ಲೋ ಕೇಳಿದ ಕಥೆಯೆನಿಸಿದರೆ ಆಶ್ಚರ್ಯವಿಲ್ಲ. ಸರಿಯಾಗಿ ಮುಂದಿನ ತಿಂಗಳು, 2025ರ ಜುಲೈನಲ್ಲಿ, ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟಿಸುಗಳು ಬಂದವು. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ’ ಚೀಟಿಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಪ್ರತಿನಿಧಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡು ಮುಂದೆ ತೆರಿಗೆ ಕಟ್ಟುವುದಾದರೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಭರವಸೆಯಿತ್ತರು.

ಶೆಟ್ಟರು ಲೋಟ ಕೆಳಗಿಟ್ಟ ಕಾರಣ ನನಗೆ ಗೊತ್ತಿತ್ತು. ಅವರ ತಮ್ಮ ಬೆಂಗಳೂರಿನ ಬಡಾವಣೆಯೊಂದರಲ್ಲಿ ಹಾಲು ಮತ್ತು ದಿನಸಿಯ ಅಂಗಡಿ ನಡೆಸುತ್ತಾರೆ. ನೋಟಿಸು ಬಂದವರಲ್ಲಿ ಅವರೂ ಒಬ್ಬರು. ಅದರಲ್ಲಿ ನನ್ನ ಪಾಲೂ ಇದೆ. ನಾಲ್ಕು ವರ್ಷಗಳ ಹಿಂದೆ ಶೆಟ್ಟರ ಮನೆಯ ಮದುವೆಯೊಂದರಲ್ಲಿ ಅವರು, “ಆಡಿಟರೇ, ನಾನು ಜಿ.ಎಸ್.ಟಿ. ಮಾಡಿಸಬೇಕೇ?” ಎಂದು ಕೇಳಿದ್ದರು. ಊಟದ ಎಲೆಯ ಮುಂದೆ ಕುಳಿತಿದ್ದ ನಾನು, “ಹಾಲಿಗೆ ತೆರಿಗೆಯೇ ಇಲ್ಲವಲ್ಲ, ಯೋಚನೆ ಬಿಡಿ” ಎಂದುಬಿಟ್ಟೆ. ಅಂಗಡಿಯಲ್ಲಿ ಹಾಲಿನ ಜೊತೆಗೆ ಬಿಸ್ಕತ್ತು, ಸಾಬೂನು, ತಂಪು ಪಾನೀಯ ಎಲ್ಲವೂ ಇದ್ದವು. ಕೇವಲ ವಿನಾಯಿತಿ ಪದಾರ್ಥಗಳನ್ನು ಮಾರುವವರಿಗೆ ನೋಂದಣಿ ಬೇಡವೆಂಬುದು ನಿಜ. ತೆರಿಗೆಯುಳ್ಳ ಪದಾರ್ಥಗಳೂ ಸೇರಿದ್ದರೆ, 40 ಲಕ್ಷ ರೂಪಾಯಿಗಳ ಮಿತಿಯನ್ನು ಎಣಿಸುವಾಗ ಹಾಲಿನ ಮಾರಾಟವೂ ಲೆಕ್ಕಕ್ಕೆ ಸೇರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಕೇಳಿದವರು ಕಕ್ಷಿದಾರರಲ್ಲ, ಕೇಳಿದ ಜಾಗ ಕಚೇರಿಯಲ್ಲ ಎಂಬ ಉದಾಸೀನ ಅಷ್ಟೆ. ಆ ಒಂದು ಮಾತನ್ನು ನಂಬಿ ಅವರು ಒಂದು ಖರೀದಿ ಬಿಲ್ಲನ್ನೂ ಜೋಪಾನ ಮಾಡಲಿಲ್ಲ.

ಮಾಲಕಿ ಏನು ಮಾಡಿದಳು?

‘ನಗದು ಮಾತ್ರ’ ಚೀಟಿ ಹನ್ನೆರಡು ದಿನ ಇತ್ತಂತೆ. ಕಚೇರಿಗೆ ಹೋಗುವ ಹುಡುಗರು ಜೇಬಿನಲ್ಲಿ ನೋಟು ಇಟ್ಟುಕೊಳ್ಳುವುದೇ ಇಲ್ಲ. ಅವರು ಮುಂದಿನ ಓಣಿಗೆ ಹೋದರು. ಹದಿಮೂರನೆಯ ದಿನ ಮಗ ಹೊಸ ಚೀಟಿ ಅಂಟಿಸಿ, ಮೊಬೈಲಿನಲ್ಲಿ ಬಿಲ್ಲು ಮಾಡುವ ತಂತ್ರಾಂಶವನ್ನು ಹಾಕಿಕೊಂಡ. ಬಟ್ಟಲಿನ ಬೆಲೆ 45,000 ಇದ್ದದ್ದು 50,000 ಆಯಿತು. ಶೇ. 4.5ರ ದರದಲ್ಲಿ ಬಟ್ಟಲೊಂದಕ್ಕೆ ತೆರಿಗೆ 2,250 ದೋಂಗ್, ನಮ್ಮ ಏಳೂವರೆ ರೂಪಾಯಿ. ಉಳಿದದ್ದು ಮಾಂಸದ ಬೆಲೆ ಏರಿದ್ದಕ್ಕೆ.

ಇದರಿಂದ ಅನಿರೀಕ್ಷಿತ ಲಾಭವೊಂದು ಆಯಿತೆಂದು ಮಗ ಹೇಳಿದ. ಅಂದಾಜು ತೆರಿಗೆಯ ಕಾಲದಲ್ಲಿ ಬಟ್ಟಲುಗಳನ್ನು ಯಾರೂ ಎಣಿಸಿರಲಿಲ್ಲ. ಎಣಿಸದಿರುವುದೇ ಕ್ಷೇಮವೆಂಬ ಭಾವನೆಯಿತ್ತು. ಯಂತ್ರ ಎಣಿಸತೊಡಗಿದ ಮೇಲೆ, ಸೋಮವಾರ ವ್ಯಾಪಾರ ಕಡಿಮೆ, ಮಳೆಯ ದಿನ ಹೆಚ್ಚು ಎಂಬುದು ಅಂಕಿಗಳಲ್ಲಿ ಕಂಡಿತು. ಶಾವಿಗೆಯನ್ನು ದಿನ ನೋಡಿ ತರಿಸತೊಡಗಿದರು. ಚರಂಡಿಯ ಪಾಲಾಗುತ್ತಿದ್ದ ಐದಾರು ಕಿಲೋ ಉಳಿಯಿತು.

ಎಲ್ಲವೂ ಸುಗಮವೆಂದು ನಾನು ಬರೆದರೆ ತಪ್ಪಾದೀತು. ಎದುರಿನ ಜಗಲಿಯಲ್ಲಿ ಅಂಟಕ್ಕಿಯ ಅನ್ನ ಮಾರುತ್ತಿದ್ದ ಮುದುಕಿಯೊಬ್ಬಳು ಜೂನ್ ತಿಂಗಳಿನಲ್ಲಿ ನಿಲ್ಲಿಸಿದವಳು ಮತ್ತೆ ಬಂದಿಲ್ಲವಂತೆ. ಆಕೆಯ ವಹಿವಾಟು ಆ ಮಿತಿಯ ಹತ್ತಿರಕ್ಕೂ ಬರುವಂಥದ್ದಲ್ಲ. ಕಾನೂನು ಆಕೆಗೆ ಅನ್ವಯಿಸುತ್ತಲೇ ಇರಲಿಲ್ಲ. ಆದರೆ ಅದನ್ನು ಆಕೆಗೆ ತಿಳಿಸಿ ಹೇಳುವವರು ಯಾರೂ ಇರಲಿಲ್ಲ. ಕಾನೂನಿಗಿಂತ ಮೊದಲು ವದಂತಿ ತಲುಪಿದರೆ ಆಗುವ ನಷ್ಟ ಇದು.

ಒಳಮನೆಯ ಪಾತ್ರೆ

ನಾವು ಹೊರಡುವ ಹಿಂದಿನ ದಿನ ಚಾಂದ್ರಮಾನದ ಹದಿನೈದನೆಯ ತಿಥಿ. ಅಂದು ಮತ್ತು ತಿಂಗಳ ಮೊದಲನೆಯ ದಿನ ಅಲ್ಲಿಯ ಅನೇಕ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಅಂಗಡಿಯಲ್ಲಿ ವ್ಯಾಪಾರ ಎಂದಿನಂತೆ ನಡೆದಿತ್ತಾದರೂ ಮಾಲಕಿ ತನಗಾಗಿ ಒಳಮನೆಯ ಸಣ್ಣ ಪಾತ್ರೆಯಲ್ಲಿ ಮೂಲಂಗಿ, ಗಜ್ಜರಿ, ಅಣಬೆಗಳ ಸಾರು ಮಾಡಿಕೊಂಡಿದ್ದಳು. ನಾಲ್ಕು ದಿನವೂ ಬರಿಯ ಚಹಾ ಕುಡಿದು ಎದ್ದುಹೋಗುತ್ತಿದ್ದ ಶೆಟ್ಟರನ್ನು ಆಕೆ ಗಮನಿಸಿದ್ದಳೆಂದು ತೋರುತ್ತದೆ. ಆ ಸಾರಿನಲ್ಲಿ ಶಾವಿಗೆ ಹಾಕಿ ಒಂದು ಬಟ್ಟಲು ತಂದು ಅವರ ಮುಂದಿಟ್ಟಳು. ಮೀನಿನ ರಸ ಹಾಕಿಲ್ಲವೆಂದು ಮಗ ಎರಡು ಬಾರಿ ಹೇಳಿದ ಮೇಲೆ ಶೆಟ್ಟರು ತಿಂದರು. ಸಾರನ್ನೂ ಉಳಿಸಲಿಲ್ಲ.

ಎದ್ದು ಹಣ ಕೊಡಹೋದಾಗ ಆಕೆ ತೆಗೆದುಕೊಳ್ಳಲಿಲ್ಲ. ಮಗ ಅನುವಾದಿಸಿದ: “ಇದು ಅಂಗಡಿಯ ಪಾತ್ರೆಯದಲ್ಲ, ಮನೆಯದು. ಬಿಲ್ಲಿಗೆ ಬರುವುದಿಲ್ಲ ಅನ್ನುತ್ತಾರೆ ಅಮ್ಮ.”

ವ್ಯಾಪಾರ ಬೇರೆ, ವ್ಯಾಪಾರಿ ಬೇರೆ ಎಂಬುದು ಲೆಕ್ಕಶಾಸ್ತ್ರದ ಮೊದಲ ತತ್ತ್ವ. ಬಿ.ಕಾಂ. ಮೊದಲ ವರ್ಷದಲ್ಲಿ ಅದನ್ನು ಬಾಯಿಪಾಠ ಮಾಡಿದವನು ನಾನು. ಶೆಟ್ಟರ ತಮ್ಮನ ಸಂಕಟದ ಮೂಲವೂ ಅದೇ ಆಗಿತ್ತು. ಅವರ ಒಂದೇ ಖಾತೆಗೆ ಹಾಲಿನ ದುಡ್ಡು, ಚೀಟಿಯ ದುಡ್ಡು, ಮಗಳ ಮದುವೆಯ ಮುಯ್ಯಿ, ಸ್ನೇಹಿತರು ತೀರಿಸಿದ ಕೈಗಡ ಎಲ್ಲವೂ ಬಂದು ಬಿದ್ದಿದ್ದವು. ಹೊರಗಿನಿಂದ ನೋಡುವವರಿಗೆ ಅದೆಲ್ಲವೂ ಮಾರಾಟವೇ.

ಮರಳಿ ಬಂದ ಮೇಲೆ

ಬೆಂಗಳೂರಿಗೆ ಬಂದ ಮರು ಭಾನುವಾರ ನಾನು ಕರೆಯದೆಯೇ ಆ ಅಂಗಡಿಗೆ ಹೋದೆ. ‘ಕ್ಯಾಷ್ ಮಾತ್ರ’ ಎಂಬ ಹಾಳೆ ಗಾಜಿನ ಮೇಲೆ ಹಾಗೆಯೇ ಇತ್ತು. ತಪ್ಪು ನನ್ನದೆಂದು ಮೊದಲು ಹೇಳಿದೆ. ಅವರು, “ಇರಲಿ ಬಿಡಿ, ಆಡಿಟರೇ” ಎಂದರು; ಧ್ವನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಮಧ್ಯಾಹ್ನದವರೆಗೆ ಕುಳಿತು 2024-25ನೆಯ ಸಾಲಿನ ಲೆಕ್ಕ ತೆಗೆದೆವು. ಹಾಲಿನ ಏಜೆನ್ಸಿಯಿಂದ ವರ್ಷದ ಸರಬರಾಜು ಪಟ್ಟಿ ತರಿಸಲಾಗಿ ಹಾಲಿನ ಮಾರಾಟ ಸುಮಾರು 40 ಲಕ್ಷ, ನಗದನ್ನೂ ಸೇರಿಸಿ ಉಳಿದ ಪದಾರ್ಥಗಳ ಮಾರಾಟ ಸುಮಾರು 22 ಲಕ್ಷ ಎಂದು ಕಂಡುಬಂದಿತು. ಖಾತೆಗೆ ಬಂದ ಸುಮಾರು 12 ಲಕ್ಷ ವ್ಯಾಪಾರದ್ದೇ ಅಲ್ಲ.

ರಾಜಿ ತೆರಿಗೆ ಪದ್ಧತಿಯಲ್ಲಿ ಸರಕಿನ ವ್ಯಾಪಾರಿಯು ತೆರಿಗೆಯುಳ್ಳ ಮಾರಾಟದ ಮೇಲೆ ಶೇ. 1 ಮಾತ್ರ ಕಟ್ಟಬೇಕು. ಹಾಲಿನ ಮಾರಾಟ ಅದರಲ್ಲಿ ಸೇರುವುದಿಲ್ಲ. 22 ಲಕ್ಷಕ್ಕೆ 22,000 ರೂಪಾಯಿ, ಅಂದರೆ ದಿನಕ್ಕೆ 60 ರೂಪಾಯಿ. ಇಷ್ಟಕ್ಕಾಗಿ ಅವರು ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ನಮ್ಮ ಸಣ್ಣ ವ್ಯಾಪಾರಿ ಸದಸ್ಯರಿಗೆ ಈ ಅನುಭವದಿಂದ ನಾಲ್ಕು ಮಾತುಗಳು:

1. ವ್ಯಾಪಾರಕ್ಕೆ ಒಂದು ಬ್ಯಾಂಕ್ ಖಾತೆ, ಮನೆಗೆ ಇನ್ನೊಂದು. ಅಂಗಡಿಯ ಕ್ಯೂಆರ್ ಚೀಟಿಯು ಮೊದಲನೆಯದಕ್ಕೆ ಮಾತ್ರ ಜೋಡಣೆಯಾಗಿರಲಿ.

2. ವಿನಾಯಿತಿ ಪದಾರ್ಥಗಳ ಖರೀದಿ ಬಿಲ್ಲುಗಳನ್ನು ತಪ್ಪದೆ ಇಡಿ. ಹಾಲು, ತರಕಾರಿ ಮಾರಿದ್ದೆಂದು ರುಜುವಾತುಪಡಿಸುವ ಹೊಣೆ ನಿಮ್ಮ ಮೇಲೆಯೇ ಬರುತ್ತದೆ.

3. ಸರಕು ಮಾರುವವರಿಗೆ 40 ಲಕ್ಷ, ಹೋಟೆಲು ಮೊದಲಾದ ಸೇವೆಗಳಿಗೆ 20 ಲಕ್ಷ ನೋಂದಣಿಯ ಮಿತಿ. ರಾಜಿ ಪದ್ಧತಿ ಒಂದೂವರೆ ಕೋಟಿಯವರೆಗೆ ಲಭ್ಯ. ಹೋಟೆಲಿಗೆ ದರ ಶೇ. 5. ಈ ಪದ್ಧತಿಯಲ್ಲಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯನ್ನು ಹಿಂಪಡೆಯುವಂತಿಲ್ಲ ಎಂಬುದು ನೆನಪಿರಲಿ.

4. ತೆರಿಗೆ ಬೀಳುವುದು ಮಾರಾಟದ ಮೇಲೆ, ಯುಪಿಐ ಮೇಲೆ ಅಲ್ಲ. ಚೀಟಿ ಕಿತ್ತರೆ ಹೋಗುವುದು ಗಿರಾಕಿ, ತೆರಿಗೆಯಲ್ಲ.

ನನ್ನ ವೃತ್ತಿಬಾಂಧವರಿಗೂ ಒಂದು ಮಾತು: ಮದುವೆಯ ಮನೆಯಲ್ಲಿ ಕೇಳಿದ ಪ್ರಶ್ನೆಗೆ, “ನಾಳೆ ಕಚೇರಿಗೆ ಬನ್ನಿ” ಎನ್ನುವುದೇ ಸರಿಯಾದ ಉತ್ತರ. ನಮ್ಮ ವಾಣಿಜ್ಯ ಮಂಡಳಿಯೂ ತಿಂಗಳಿಗೊಂದು ದಿನ, ಸದಸ್ಯರಲ್ಲದ ಬೀದಿ ವ್ಯಾಪಾರಿಗಳಿಗೂ ತೆರೆದಿರುವ ಸಲಹಾ ಕೇಂದ್ರವನ್ನು ನಡೆಸಿದರೆ, ಹನೋಯಿಯ ಆ ಅಂಟಕ್ಕಿಯ ಮುದುಕಿಯಂಥವರು ನಮ್ಮಲ್ಲಿ ಕಾಣೆಯಾಗುವುದು ತಪ್ಪೀತು. ಅಲ್ಲಿ ಉಚಿತವಾಗಿ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.

ಕಳೆದ ವಾರ ಆ ಅಂಗಡಿಯ ಮುಂದೆ ಹಾದುಹೋದೆ. ಗಾಜಿನ ಮೇಲಿನ ಹಾಳೆ ಇರಲಿಲ್ಲ. ರಾಜಿ ತೆರಿಗೆದಾರರೆಂಬ ಸಣ್ಣ ಫಲಕ ಬಂದಿತ್ತು. ಪಕ್ಕದಲ್ಲಿ ಹೊಸ ಕ್ಯೂಆರ್ ಚೀಟಿ. ಅರ್ಧ ಲೀಟರ್ ಹಾಲು ಕೊಂಡು ಮೊಬೈಲಿನಲ್ಲೇ ಹಣ ಸಂದಾಯ ಮಾಡಿದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು.